ಫುಲ್ ಕೊಟ್ಟರೆ ಎಂಜಿನ್ ಬಂದ್ ಬೀಳುತ್ತದೆ, ಸ್ಕ್ರೂ ಎಷ್ಟು ಸುತ್ತು ಬಿಡಬೇಕು?

ಪ್ರಶ್ನೆ: ನಮ್ಮದು ತದಡಿ. ದೋಣಿಗೆ 9.9 ಎಚ್‌ಪಿಯ ಟೂ ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್ ಇದೆ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ಬದಲಿಸುತ್ತೇವೆ. ಹೊಸ ಕಾರ್ಬ್ಯುರೇಟರ್ ಹಾಕಿದ ಮೇಲೆ ನಿಧಾನಕ್ಕೆ ಚೆನ್ನಾಗಿ ಓಡುತ್ತದೆ, ಫುಲ್ ಥ್ರಾಟಲ್ ಕೊಟ್ಟರೆ ಬಂದ್ ಬೀಳುತ್ತದೆ. ಸ್ಕ್ರೂ ಎಷ್ಟು ಬಿಡಬೇಕು?

ಉತ್ತರ: ಸದ್ಯ ಕಾರ್ಬ್ಯುರೇಟರಿನ ಸ್ಕ್ರೂ ಮುಟ್ಟಬೇಡಿ ಅಣ್ಣ. ಅದು ನಿಧಾನದ ಓಟಕ್ಕೆ ಮಾತ್ರ. ಫುಲ್ ಥ್ರಾಟಲ್‌ನಲ್ಲಿ ಎಣ್ಣೆ (ಅಂದರೆ ಇಂಧನ) ಬರುವುದು ಮೇನ್ ಜೆಟ್‌ನಿಂದ, ಅಂದರೆ ಕಾರ್ಬ್ಯುರೇಟರ್ ಒಳಗಿನ ಸಣ್ಣ ತೂತಿನ ಹಿತ್ತಾಳೆ ತುಂಡಿನಿಂದ.

ಮೊದಲು ಒಂದು ಪರೀಕ್ಷೆ ಮಾಡಿ. ಎಂಜಿನ್ ಸೋಲುವ ಹೊತ್ತಿಗೆ ಜೊತೆಗಿದ್ದವರು ಪೈಪಿನ ರಬ್ಬರ್ ಬಲ್ಬ್ ಒತ್ತಲಿ. ಆಗ ಎಂಜಿನ್ ಚೇತರಿಸಿಕೊಂಡರೆ ತಪ್ಪು ಕಾರ್ಬ್ಯುರೇಟರಿನದಲ್ಲ. ಟ್ಯಾಂಕ್ ಮುಚ್ಚಳದ ಗಾಳಿ ತಿರುಪು ತೆರೆದಿದೆಯಾ, ಫಿಲ್ಟರ್ ಕಟ್ಟಿದೆಯಾ, ಪೈಪ್ ಎಲ್ಲಾದರೂ ಗಾಳಿ ಎಳೆಯುತ್ತಿದೆಯಾ ನೋಡಿ. ಫ್ಯೂಯೆಲ್ ಪಂಪಿನ ಡಯಾಫ್ರಾಮ್ (ಒಳಗಿನ ತೆಳು ಪೊರೆ) ಹರಿದಿದ್ದರೂ ಹೀಗೇ ಆಗುತ್ತದೆ.

ಬಲ್ಬ್ ಒತ್ತಿದರೂ ಬದಲಾಗದಿದ್ದರೆ ಕಾರ್ಬ್ಯುರೇಟರ್ ಬಿಚ್ಚಿ. ಸೀಮೆಎಣ್ಣೆ ಎಂಜಿನ್ನಿನ ಜೆಟ್ ಬೇರೆ, ಪೆಟ್ರೋಲ್ ಎಂಜಿನ್ನಿನದು ಬೇರೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಜೆಟ್ ಮೇಲೆ ಕೊರೆದ ನಂಬರನ್ನು ಹಳೆಯದರ ಜೊತೆ ಹೋಲಿಸಿ. ತೂತು ಕಟ್ಟಿದ್ದರೆ ಕ್ಲೀನರ್ ಹಾಕಿ ಗಾಳಿ ಊದಿ. ತಂತಿ ಮಾತ್ರ ತೂರಿಸಬೇಡಿ. ಹಿತ್ತಾಳೆ ಮೆತ್ತಗೆ, ತೂತು ದೊಡ್ಡದಾದರೆ ಆ ಜೆಟ್ ಕೆಟ್ಟಂತೆಯೇ.

ಮತ್ತೆ ಕೂರಿಸುವಾಗ ಹಳೆ ಗ್ಯಾಸ್ಕೆಟ್ ಪೂರ್ತಿ ಕೆರೆದು ಹೊಸದು ಹಾಕಿ. ಸಿಲಿಕಾನ್ ಅಂಟು ಬೇಡ, ಪೆಟ್ರೋಲಿಗೆ ಕಿತ್ತು ಒಳಗೆ ಹೋಗುತ್ತದೆ. ಎರಡೂ ನಟ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದನ್ನೇ ಪೂರ್ತಿ ಬಿಗಿದರೆ ಫ್ಲೇಂಜ್ (ಎಂಜಿನ್‌ಗೆ ಕೂರುವ ಚಪ್ಪಟೆ ಅಂಚು) ಓರೆಯಾಗಿ ಗಾಳಿ ನುಗ್ಗುತ್ತದೆ. ಹಿಡಿ ಪೂರ್ತಿ ತಿರುಗಿಸಿದಾಗ ಕಾರ್ಬ್ಯುರೇಟರ್ ಒಳಗಿನ ಥ್ರಾಟಲ್ ಬಿಲ್ಲೆಯೂ ಪೂರ್ತಿ ತೆರೆಯುತ್ತದೆಯಾ ಅಂತ ಕಣ್ಣಾರೆ ನೋಡಿ.

ಈಗ ಸ್ಕ್ರೂ. ದಡದಲ್ಲಿ ಡ್ರಮ್ಮಿನೊಳಗೆ ಮಾಡಿದ ಟ್ಯೂನಿಂಗ್ ನೀರಲ್ಲಿ ನಿಲ್ಲುವುದಿಲ್ಲ. ದೋಣಿಯನ್ನು ಅಘನಾಶಿನಿಯ ಒಳಗೇ ಗಟ್ಟಿಯಾಗಿ ಕಟ್ಟಿ, ಎಂಜಿನ್ ಬಿಸಿಯಾದ ಮೇಲೆ ಗೇರಿಗೆ ಹಾಕಿ ನಿಧಾನ ಓಡಿಸಿ. ಸ್ಕ್ರೂವನ್ನು ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು ಸುತ್ತಿಗೆ ಇಟ್ಟು, ಅಲ್ಲಿಂದ ಒಂದೊಂದು ಸಲಕ್ಕೆ ಅರ್ಧಪಾವು ಸುತ್ತು (ಒಂದು ಸುತ್ತಿನ ಎಂಟನೇ ಒಂದು ಭಾಗ) ತಿರುಗಿಸಿ. ಪ್ರತಿ ಸಲ ಹತ್ತು ಹದಿನೈದು ಸೆಕೆಂಡ್ ಕಾಯಿರಿ, ಬದಲಾವಣೆ ತಡವಾಗಿ ಕಾಣುತ್ತದೆ. ಕೆಮ್ಮಿ ಸೀನಿ ನಿಂತರೆ ಲೀನ್, ಅಂದರೆ ಗಾಳಿಗೆ ಹೋಲಿಸಿದರೆ ಎಣ್ಣೆ ಕಡಿಮೆ. ಹೊಗೆ ಜಾಸ್ತಿಯಾಗಿ ತಡವರಿಸಿದರೆ ರಿಚ್, ಅಂದರೆ ಎಣ್ಣೆ ಜಾಸ್ತಿ. ಎರಡರ ನಡುವೆ ನಿಲ್ಲಿಸಿ, ಅಲ್ಲಿಂದ ಒಂಚೂರು ರಿಚ್ ಕಡೆಗೇ ಇಡಿ.

ಇದನ್ನು ಒತ್ತಿ ಹೇಳುತ್ತೇನೆ. ಎಣ್ಣೆ ಉಳಿಸಲು ಲೀನ್ ಮಾಡುವವರು ತುಂಬಾ ಜನ. ನಿಮ್ಮ ಎಂಜಿನ್ನಿನಲ್ಲಿ ಪಿಸ್ಟನ್‌ಗೆ ಆಯಿಲ್ ಸಿಗುವುದೇ ಆ ಎಣ್ಣೆಯ ಜೊತೆಗೆ. ಎಣ್ಣೆ ಕಡಿಮೆಯಾದರೆ ಆಯಿಲ್ಲೂ ಕಡಿಮೆ, ಬಿಸಿಯೂ ಜಾಸ್ತಿ. ಪಿಸ್ಟನ್ ಹಿಡಿದುಕೊಂಡು ಎಂಜಿನ್ ನಿಲ್ಲುತ್ತದೆ. ಅಳಿವೆಯಲ್ಲಿ ತೆರೆ ಏಳುವ ಹೊತ್ತಿಗೆ ಹಾಗಾದರೆ ದೋಣಿ ಅಡ್ಡ ತಿರುಗುತ್ತದೆ, ಆಮೇಲೆ ಜೀವಕ್ಕೇ ಅಪಾಯ. ಅದಕ್ಕೇ ನದಿಯಲ್ಲೇ ಫುಲ್ ಥ್ರಾಟಲ್‌ನಲ್ಲಿ ಓಡಿಸಿ ನೋಡಿ. ಕಿಲ್ ಸ್ವಿಚ್ಚಿನ ಹಗ್ಗ ಮೈಗೆ ಕಟ್ಟಿರಲಿ. ಅದೇ ಓಟದಲ್ಲಿ ಎಂಜಿನ್ ನಿಲ್ಲಿಸಿ ಸ್ಪಾರ್ಕ್ ಪ್ಲಗ್ ಬಿಚ್ಚಿ. ತುದಿ ಚಹಾ ಬಣ್ಣಕ್ಕಿದ್ದರೆ ಸರಿ. ಬೆಳ್ಳಗಿದ್ದರೆ ಲೀನ್, ಅಳಿವೆ ದಾಟಬೇಡಿ. ಕಪ್ಪಗೆ ಒದ್ದೆಯಾಗಿದ್ದರೆ ರಿಚ್ ಜಾಸ್ತಿಯಾಗಿದೆ.

ಇನ್ನೊಂದು. ದಡಕ್ಕೆ ಬರುವ ಮೊದಲು ಪೆಟ್ರೋಲಿಗೆ ಬದಲಿಸಿ ಕೆಲವು ನಿಮಿಷ ಓಡಿಸಿ. ಕಾರ್ಬ್ಯುರೇಟರಿನಲ್ಲಿ ಸೀಮೆಎಣ್ಣೆ ಉಳಿದರೆ ಬೆಳಿಗ್ಗೆ ಸ್ಟಾರ್ಟ್ ಆಗಲು ಒದ್ದಾಡಿಸುತ್ತದೆ.