ಪಾತ್ರೆ ಗಾಡಿ ಎಳೆಯೋಕೆ ಯಾವ ಕಾರು?

ಪ್ರಶ್ನೆ: ಮಂಡ್ಯದಲ್ಲಿ ಅಡುಗೆ ಕಾಂಟ್ರಾಕ್ಟ್ ಮಾಡುತ್ತೇನೆ. ಪಾತ್ರೆ ತುಂಬಿದ ಟ್ರೇಲರ್ ಎಳೆದುಕೊಂಡು ಮೈಸೂರಿಗೆ ಓಡಾಡಬೇಕು. ವೇಗವೂ ಬೇಕು, ಮೈಲೇಜೂ ಬೇಕು. ಹಳೇ ಸ್ಟೇಷನ್ ವ್ಯಾಗನ್ ತಗೊಳ್ಳಲಾ ಸರ್?

ಉತ್ತರ: ಇಂಡಿಗೊ ಮರೀನಾ, ಆಕ್ಟೇವಿಯಾ ಕಾಂಬಿಯಂಥ ಸ್ಟೇಷನ್ ವ್ಯಾಗನ್‌ಗಳು, ಅಂದರೆ ಹಿಂದೆ ಉದ್ದ ಡಿಕ್ಕಿ ಇರುವ ಕಾರುಗಳು, ನನಗೂ ಇಷ್ಟ. ಆದರೆ ಅವುಗಳ ತಯಾರಿಕೆ ನಿಂತು ಎಷ್ಟೋ ವರ್ಷವಾಯಿತು, ಬಿಡಿಭಾಗ ಹುಡುಕಿ ಸುಸ್ತಾಗುತ್ತೀರಿ. ಸೆಕೆಂಡ್ ಹ್ಯಾಂಡ್ ಡೀಸೆಲ್ ಇನೊವಾ ಕ್ರಿಸ್ಟಾ ನೋಡಿ. ಎಳೆಯೋಕೆ ಬೇಕಾದ್ದು ಟಾರ್ಕ್, ಅಂದರೆ ಎಂಜಿನ್ನಿನ ತಿರುಗಿಸುವ ಬಲ ಅಲ್ವಾ? 2.4 ಲೀಟರ್ ಮ್ಯಾನ್ಯುಯಲ್ ಗೇರ್ ಕಾರಿನಲ್ಲಿ ಅದು 343 ಎನ್‌ಎಂ (ನ್ಯೂಟನ್ ಮೀಟರ್) ಇದೆ, ಅದೂ ಎಂಜಿನ್ ನಿಮಿಷಕ್ಕೆ 1,400 ಸುತ್ತು ತಿರುಗುವಾಗಿನಿಂದಲೇ. ಮೊದಲು ಕಾರಿನ ಜೊತೆ ಬರುವ ಕೈಪಿಡಿಯಲ್ಲಿ ಎಷ್ಟು ಭಾರ ಎಳೆಯಬಹುದೆಂದು ಓದಿ. ನಾನು ಓದದೆ ಚಾಮುಂಡಿ ಬೆಟ್ಟ ಹತ್ತಿಸಿ ಕ್ಲಚ್ ಸುಟ್ಟುಕೊಂಡೆ, ತಪ್ಪು ನನ್ನದೇ. ಕೊಪ್ಪರಿಗೆಗಳನ್ನು ಟ್ರೇಲರ್‌ನ ಗಾಲಿಗಿಂತ ತುಸು ಮುಂದಿಡಿ. ಹಿಂದಿಟ್ಟರೆ ಓಡುವಾಗ ಟ್ರೇಲರ್ ಬಾಲದಂತೆ ಅತ್ತಿತ್ತ ಅಲ್ಲಾಡುತ್ತೆ. ಟ್ರೇಲರ್‌ಗೂ ನೋಂದಣಿ ಬೇಕು, ಮರೀಬೇಡಿ.