ಬಿಲ್ ಕೌಂಟರ್ ಹುಡುಗಿ ಓನರ್‌ನ ಬೈದರೆ ಏನು ಹೇಳಬೇಕು?

ಅಂಗಡಿಗೆ ಹೋದಾಗಲೆಲ್ಲ ಬಿಲ್ ಹಾಕುವ ಹುಡುಗಿ ನಿಮ್ಮ ಹತ್ತಿರ ಓನರ್‌ನ ಬೈಯುತ್ತಾಳೆ ಅಂದರೆ, ಬಹುಶಃ ಅದು ಬೆಳಗ್ಗಿಂದ ನಿಂತೇ ಇರುವ ಸುಸ್ತು. ನೀವು ಹೊರಗಿನವರು, ಮಾತು ಓನರ್‌ಗೆ ಮುಟ್ಟಲ್ಲ ಅನ್ನುವ ಧೈರ್ಯ ಬೇರೆ. ಅದಕ್ಕೇ ನಿಮ್ಮ ಹತ್ತಿರ ದೂರುತ್ತಾಳೆ. ನಿಮ್ಮಿಂದ ಪರಿಹಾರ ಕೇಳುತ್ತಿರುವ ಸಾಧ್ಯತೆ ಕಡಿಮೆ.

ಮೊದಲು ತಲೆ ಎತ್ತಿ ಕ್ಯಾಮೆರಾ ನೋಡಿ. ಕೆಲವು ಕಡೆ ಮಾತೂ ರೆಕಾರ್ಡ್ ಆಗುತ್ತದೆ. "ಹೌದು, ನಿಮ್ಮ ಓನರ್ ಹಾಗೇನೇ" ಅಂತ ಒಗ್ಗರಣೆ ಹಾಕಬೇಡಿ. "ಇವತ್ತು ರಶ್ ಜಾಸ್ತಿ ಅಲ್ವಾ?" ಅಂದರೆ ಸಾಕು. ಹಿಂದೆ ಕ್ಯೂ ಇದ್ದರೆ ಚಿಲ್ಲರೆ ಎಣಿಸಿಕೊಟ್ಟು ಜಾಗ ಬಿಡಿ.

ಅವಳ ಪರವಾಗಿ ಓನರ್ ಹತ್ತಿರ ಮಾತಾಡಲು ಹೋಗಬೇಡಿ. ನಾನು ಒಂದು ಬಟ್ಟೆ ಅಂಗಡಿಯಲ್ಲಿ "ಪಾಪ, ಅವರಿಗೊಂದು ಸ್ಟೂಲ್ ಕೊಡಿ ಸಾರ್" ಅಂದಿದ್ದೆ. ಮುಂದಿನ ವಾರ ಹೋದಾಗ ಆಕೆಯನ್ನು ಗೋಡೌನ್‌ಗೆ ಹಾಕಿದ್ದರು. ನನ್ನ ಮಾತಿಂದಲೇ ಅಂತ ಖಚಿತವಾಗಿ ಹೇಳಲಾರೆ. ಈಗ ಹೊಗಳುವುದಿದ್ದರೆ ಮಾತ್ರ ಓನರ್ ಮುಂದೆ ಬಾಯಿ ಬಿಡುತ್ತೇನೆ.

ರಜೆ ಕೊಡಲ್ಲ, ಸಂಬಳ ಹಿಡಿದಿದ್ದಾರೆ ಅಂದರೆ ಲೆಕ್ಕ ಬೇರೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ವಾರಕ್ಕೊಂದು ಪೂರ್ತಿ ದಿನ ರಜೆ ಇದೆ, ಓವರ್‌ಟೈಮ್‌ಗೆ ಎರಡರಷ್ಟು ಸಂಬಳ ಇದೆ. ಇದನ್ನು ಕೌಂಟರ್‌ನಲ್ಲಿ ಹೇಳಬೇಡಿ. ಅವಳು ಹೊರಗೆ ಸಿಕ್ಕಾಗ ಹೇಳಿ. ಬಂದ ಹೊತ್ತು, ಹೋದ ಹೊತ್ತು ಮೊಬೈಲ್‌ನಲ್ಲಿ ಬರೆದಿಟ್ಟುಕೊಳ್ಳಲಿ. ದೂರು ಕೊಡುವ ಮನಸ್ಸಿದ್ದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಬಹುದು.