ಆ ಶಾರ್ಕ್ ದೃಶ್ಯ ನಗಿಸಲೆಂದೇ ಮಾಡಿದ್ದು
1966ರ ಬ್ಯಾಟ್‌ಮನ್ ಚಿತ್ರದ ಶಾರ್ಕ್ ದೃಶ್ಯ ಕಾಲ ಸರಿದಂತೆ ನಗೆಪಾಟಲಾಯಿತೇ ಎಂದು ಕೇಳಿದ್ದೀರಿ. ಖಂಡಿತ ಇಲ್ಲ, ಅದನ್ನು ನಗಿಸಲೆಂದೇ ಹೆಣೆದದ್ದು. ಹೆಲಿಕಾಪ್ಟರಿನಿಂದ ಇಳಿಬಿಟ್ಟ ಏಣಿಯಲ್ಲಿ ಬ್ಯಾಟ್‌ಮನ್, ಅವನ ಕಾಲಿಗೆ ಕಚ್ಚಿಕೊಂಡ ರಬ್ಬರಿನ ಶಾರ್ಕ್. ಅವನ ಜೊತೆಗಾರ ರಾಬಿನ್ ತಲೆಕೆಳಗಾಗಿ ಜೋತುಬಿದ್ದು, ಶಾರ್ಕ್ ಓಡಿಸುವ ಸ್ಪ್ರೇ ಡಬ್ಬಿಯನ್ನು ಕೈಗೆ ಕೊಡುತ್ತಾನೆ. ಪಕ್ಕದಲ್ಲೇ ತಿಮಿಂಗಿಲಕ್ಕೂ ಬೇರೆ ಡಬ್ಬಿ ಇದೆ, ಹೆಸರಿನ ಚೀಟಿ ಸಮೇತ! ಇಷ್ಟೆಲ್ಲದರ ನಡುವೆ ಬ್ಯಾಟ್‌ಮನ್ ಪಾತ್ರದ ಆಡಂ ವೆಸ್ಟ್ ತುಟಿಯಂಚಿನಲ್ಲೂ ನಗುವುದಿಲ್ಲ. ಆ ಗಾಂಭೀರ್ಯವೇ ದೃಶ್ಯದ ಜೀವಾಳ.

ನಿಜವಾಗಿಯೂ ಹಳತಾದದ್ದು ಬೇಕಿದ್ದರೆ 1978ರ ಸೂಪರ್‌ಮ್ಯಾನ್ ನೋಡಿ. ಸೂಪರ್‌ಮ್ಯಾನ್ ಮತ್ತು ಅವನ ಪ್ರೇಯಸಿ ಲೋಯಿಸ್ ಇಬ್ಬರೂ ಹಾರುತ್ತಿರುವಾಗ ಅವಳು ಮನಸ್ಸಿನಲ್ಲೇ ಕವಿತೆಯಂತೆ ಮಾತನಾಡುವ ಭಾಗ ಇಂದು ಮುಜುಗರ ತರುತ್ತದೆ. ಆದರೂ ಸೂಪರ್‌ಮ್ಯಾನ್ ಆಗಿ ನಟಿಸಿದ ಕ್ರಿಸ್ಟೋಫರ್ ರೀವ್ ಮುಖದ ಪ್ರಾಮಾಣಿಕತೆಗಾಗಿ ನಾನು ಅದನ್ನು ಎಂದೂ ಹಾರಿಸಿ ನೋಡುವುದಿಲ್ಲ.